ನೋವು ನಿಂತ ಹಲ್ಲು, ನಡುರಾತ್ರಿಯ ಕ್ಯಾಶುವಲ್ಟಿ

ಹಲ್ಲುನೋವು ತಾಳಲಾರದೆ ನಡುರಾತ್ರಿ ಆಸ್ಪತ್ರೆಯ ಕ್ಯಾಶುವಲ್ಟಿಗೆ ಬರುವ ವಯಸ್ಕರಿಗೆ ಅಲ್ಲಿ ಸಾಮಾನ್ಯವಾಗಿ ದೊರೆಯುವುದು ನೋವಿನ ಒಂದು ಇಂಜೆಕ್ಷನ್, ಕೆಲವು ದಿನಗಳ ಆಂಟಿಬಯಾಟಿಕ್ ಮಾತ್ರೆಯ ಚೀಟಿ ಮತ್ತು ‘ನಾಳೆ ಹಲ್ಲಿನ ಡಾಕ್ಟರಿಗೆ ತೋರಿಸಿ’ ಎಂಬ ಮಾತು. ಕಾಸರಗೋಡಿನಲ್ಲಿಯೂ ಅಷ್ಟೆ, ಕ್ಯಾಲಿಫೋರ್ನಿಯಾದಲ್ಲಿಯೂ ಅಷ್ಟೆ. ಇದು ಅಲ್ಲಿನ ವೈದ್ಯರ ಉದಾಸೀನವಲ್ಲ. ಹೃದಯಾಘಾತ, ಅಪಘಾತ, ಹಾವಿನ ಕಡಿತಗಳಿಗೆ ಸಜ್ಜಾಗಿರುವ ಆ ಕೋಣೆಯಲ್ಲಿ ಹಲ್ಲಿನ ಕುರ್ಚಿ ಇರುವುದಿಲ್ಲ, ಹಲ್ಲು ಕೊರೆಯುವ ಉಪಕರಣ ಇರುವುದಿಲ್ಲ, ಬೇರಿನ ತುದಿಯನ್ನು ತೋರಿಸುವ ಪುಟ್ಟ ಎಕ್ಸ್‌ರೇ ಇರುವುದಿಲ್ಲ. ಡ್ಯೂಟಿಯಲ್ಲಿರುವ ವೈದ್ಯರು ಕಲಿತಿರುವುದು ಎಂಬಿಬಿಎಸ್, ದಂತವೈದ್ಯವಲ್ಲ. ಆದ್ದರಿಂದ ನೋವು ಕಡಿಮೆಯಾಗುತ್ತದೆ, ಕಾಯಿಲೆ ಇದ್ದಲ್ಲಿಯೇ ಇರುತ್ತದೆ. ಹೀಗೆ ಬರುವ ಹಲ್ಲುಗಳಲ್ಲಿ ಬಹುಪಾಲು, ತಿಂಗಳುಗಳ ಅಥವಾ ವರ್ಷಗಳ ಹಿಂದೆ ಹಗಲು ಹೊತ್ತಿನ ಅರ್ಧ ಗಂಟೆಯ ಕೆಲಸದಲ್ಲಿ ಸರಿಹೋಗಬಹುದಾಗಿದ್ದವು. ಅವು ರಾತ್ರಿಯ ತುರ್ತುಸ್ಥಿತಿಯಾಗಿ ಬೆಳೆಯುವುದು ಹೇಗೆ ಎಂಬುದನ್ನು ತಿಳಿಯಬೇಕಾದರೆ ಮೊದಲು ಹಲ್ಲಿನ ಒಳಗೆ ಏನು ನಡೆಯುತ್ತದೆ ಎಂದು ನೋಡಬೇಕು.

ಹಲ್ಲಿನ ಹೊರಕವಚವಾದ ಎನಾಮಲ್ ತೂಕದಲ್ಲಿ ಸುಮಾರು 96 ಶೇಕಡಾ ಖನಿಜ; ದೇಹದಲ್ಲಿ ಇದಕ್ಕಿಂತ ಗಟ್ಟಿಯಾದ ವಸ್ತು ಇನ್ನೊಂದಿಲ್ಲ. ಆದರೆ ಆಮ್ಲದ ಎದುರಿಗೆ ಅದು ನಿಲ್ಲಲಾರದು. ಬಾಯಿಯಲ್ಲಿರುವ ಕೆಲವು ಬ್ಯಾಕ್ಟೀರಿಯಾಗಳು, ಮುಖ್ಯವಾಗಿ ಸ್ಟ್ರೆಪ್ಟೋಕಾಕಸ್ ಮ್ಯೂಟಾನ್ಸ್, ಸಕ್ಕರೆಯನ್ನು ತಿಂದು ಆಮ್ಲವನ್ನು ಬಿಡುತ್ತವೆ, ಮತ್ತು ಹಲ್ಲಿನ ಮೇಲ್ಮೈಯ ಪಿಎಚ್ 5.5ರ ಆಸುಪಾಸಿಗಿಂತ ಕೆಳಗೆ ಇಳಿದ ಕೂಡಲೇ ಎನಾಮಲ್‌ನ ಖನಿಜ ಕರಗಲು ತೊಡಗುತ್ತದೆ. 1940ರ ದಶಕದಲ್ಲಿ ಅಮೆರಿಕದ ರಾಬರ್ಟ್ ಸ್ಟೀಫನ್ ಇದನ್ನು ಅಳೆದು ತೋರಿಸಿದರು: ಸಕ್ಕರೆ ಬಾಯಿಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ಪಿಎಚ್ ಕುಸಿಯುತ್ತದೆ, ಜೊಲ್ಲು ಅದನ್ನು ಮತ್ತೆ ಮೊದಲಿನ ಮಟ್ಟಕ್ಕೆ ತರಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕಾಗುತ್ತದೆ. ಎಷ್ಟು ಸಕ್ಕರೆ ತಿಂದೆವು ಎನ್ನುವುದಕ್ಕಿಂತ ಎಷ್ಟು ಸಲ ತಿಂದೆವು ಎನ್ನುವುದು ಹಲ್ಲಿಗೆ ಮುಖ್ಯವಾಗುವುದು ಈ ಕಾರಣದಿಂದ. ಮದುವೆಯೂಟದಲ್ಲಿ ಒಮ್ಮೆಗೆ ನಾಲ್ಕು ಹೋಳಿಗೆ ತಿಂದವರಿಗಿಂತ, ತೋಟದ ಕೆಲಸದ ನಡುವೆ ದಿನಕ್ಕೆ ಆರು ಲೋಟ ಸಿಹಿ ಚಹಾವನ್ನು ಗುಟುಕು ಗುಟುಕಾಗಿ ಕುಡಿಯುವವರ ಹಲ್ಲು ಹೆಚ್ಚು ಹೊತ್ತು ಆಮ್ಲದಲ್ಲಿ ನೆನೆದಿರುತ್ತದೆ.

ಎನಾಮಲ್‌ಗೆ ನರವಿಲ್ಲ, ಆದ್ದರಿಂದ ಈ ಹಂತದಲ್ಲಿ ನೋವೂ ಇಲ್ಲ. ಹುಳುಕು ಅದರ ಕೆಳಗಿನ ಡೆಂಟಿನ್ ಪದರವನ್ನು ತಲುಪಿದಾಗ ತಣ್ಣೀರು, ಸಿಹಿ ತಾಗಿದರೆ ಝುಮ್ಮೆನ್ನುತ್ತದೆ, ತಾಗಿದ್ದು ಹೋದ ಕೂಡಲೇ ನಿಲ್ಲುತ್ತದೆ. ಇಲ್ಲಿ ಫಿಲ್ಲಿಂಗ್, ಅಂದರೆ ನಮ್ಮ ಕಡೆಯವರು ‘ಹಲ್ಲಿಗೆ ಸಿಮೆಂಟ್ ಹಾಕಿಸುವುದು’ ಎನ್ನುವ ಕೆಲಸ ಸಾಕು. ಅದನ್ನು ಬಿಟ್ಟರೆ ಹುಳುಕು ನಡುವಿನ ತಿರುಳಿಗೆ, ದಂತವೈದ್ಯರು ಪಲ್ಪ್ ಎನ್ನುವ ಭಾಗಕ್ಕೆ ಇಳಿಯುತ್ತದೆ. ರಕ್ತನಾಳ, ನರಗಳಿರುವ ಈ ತಿರುಳು ಉರಿಯೂತಕ್ಕೆ ಒಳಗಾದಾಗ ದೇಹದ ಬೇರೆ ಯಾವುದೇ ಮೆದು ಭಾಗದಂತೆ ಊದಿಕೊಳ್ಳಲು ಯತ್ನಿಸುತ್ತದೆ; ಆದರೆ ಸುತ್ತಲೂ ಗಟ್ಟಿ ಗೋಡೆ ಇರುವುದರಿಂದ ಊದಲು ಜಾಗವಿಲ್ಲದೆ ಒಳಗಿನ ಒತ್ತಡ ಏರುತ್ತಾ ಹೋಗುತ್ತದೆ. ಮಲಗಿದಾಗ ತಲೆಯ ಕಡೆಗೆ ರಕ್ತದ ಒತ್ತಡ ಇನ್ನಷ್ಟು ಹೆಚ್ಚುವುದರಿಂದ ಈ ನೋವು ರಾತ್ರಿಯೇ ಕೆರಳುತ್ತದೆ. ಬಿಸಿ ತಾಗಿದರೆ ಮಿಡಿಯುವ, ತಣ್ಣೀರು ಬಾಯಲ್ಲಿ ಹಿಡಿದರೆ ಸ್ವಲ್ಪ ತಗ್ಗುವ, ಯಾವ ಹಲ್ಲು ಎಂದು ಬೆರಳಿಟ್ಟು ತೋರಿಸಲಾಗದಂತೆ ಕಿವಿ, ಕಪಾಲಗಳಿಗೆಲ್ಲ ಹರಡುವ ನೋವು ಬಂದಿದೆ ಎಂದರೆ ತಿರುಳು ಇನ್ನು ಚೇತರಿಸಿಕೊಳ್ಳುವ ಸ್ಥಿತಿಯಲ್ಲಿಲ್ಲ ಎಂದು ತಿಳಿಯಬೇಕು.

ಅನಂತರ ನಡೆಯುವುದೇ ಇಡೀ ಕಥೆಯ ತಿರುವು. ಕೆಲವು ದಿನಗಳಲ್ಲಿ ತಿರುಳು ಸಾಯುತ್ತದೆ. ನರವೂ ಸತ್ತ ಮೇಲೆ ನೋವನ್ನು ಹೇಳುವವರು ಯಾರೂ ಇಲ್ಲ. ನೋವು ತಾನಾಗಿ ನಿಲ್ಲುತ್ತದೆ. ಲವಂಗದ ಎಣ್ಣೆ ಇಟ್ಟವರು ಅದರಿಂದಲೇ ಗುಣವಾಯಿತೆನ್ನುತ್ತಾರೆ, ಮಾತ್ರೆ ನುಂಗಿದವರು ಮಾತ್ರೆಯಿಂದ ಎನ್ನುತ್ತಾರೆ, ಹರಕೆ ಹೇಳಿಕೊಂಡವರಿಗೆ ಅವರದೇ ಕಾರಣವಿರುತ್ತದೆ. ಲವಂಗದ ಎಣ್ಣೆಯಲ್ಲಿರುವ ಯೂಜಿನಾಲ್ ನಿಜವಾಗಿಯೂ ನೋವನ್ನು ಮಂಕಾಗಿಸುತ್ತದೆ ಮತ್ತು ದಂತವೈದ್ಯರೂ ಅದನ್ನು ತಾತ್ಕಾಲಿಕ ಸಿಮೆಂಟಿನಲ್ಲಿ ಬಳಸುತ್ತಾರೆ, ಆದರೆ ಸಾಯುತ್ತಿರುವ ತಿರುಳನ್ನು ಅದು ಉಳಿಸಲಾರದು. ನೋವು ನಿಂತ ಈ ಅವಧಿ ವಾರಗಳಷ್ಟು ಇರಬಹುದು, ವರ್ಷಗಳಷ್ಟೂ ಇರಬಹುದು. ಅಷ್ಟು ಕಾಲವೂ ಸತ್ತ ತಿರುಳಿನಲ್ಲಿ ಬ್ಯಾಕ್ಟೀರಿಯಾಗಳು ಬೆಳೆದು, ಬೇರಿನ ತುದಿಯಿಂದ ಹೊರಬಂದು, ದವಡೆಯ ಮೂಳೆಯೊಳಗೆ ಕೀವಿನ ಗೂಡು ಕಟ್ಟುತ್ತವೆ. ಒಸಡಿನ ಮೇಲೆ ಆಗಾಗ ಎದ್ದು, ಒಡೆದು, ಉಪ್ಪುಪ್ಪಾದ ದ್ರವ ಬಿಟ್ಟು ಮಾಯವಾಗುವ ಸಣ್ಣ ಗುಳ್ಳೆ ಇದರ ಗುರುತು. ಗುಳ್ಳೆಯ ಮೂಲಕ ಕೀವು ಹೊರಹೋಗುವವರೆಗೆ ರೋಗಿಗೆ ತೊಂದರೆ ಗೊತ್ತಾಗುವುದಿಲ್ಲ. ಆ ದಾರಿ ಮುಚ್ಚಿದ ದಿನ ಮುಖ ಊದುತ್ತದೆ. ತಪ್ಪಿಸಬಹುದಾಗಿದ್ದ ತುರ್ತುಸ್ಥಿತಿಗಳು ಸಿದ್ಧವಾಗುವುದು ನೋವಿರುವ ದಿನಗಳಲ್ಲಿ ಅಲ್ಲ, ನೋವಿಲ್ಲದ ಈ ದಿನಗಳಲ್ಲಿ ಎಂಬುದು ನನ್ನ ತಿಳಿವಳಿಕೆ.

ಕೀವು ಎತ್ತ ಹೋಗುತ್ತದೆ ಎನ್ನುವುದನ್ನು ನಿರ್ಧರಿಸುವುದು ಅಂಗರಚನೆ. ಕೆಳದವಡೆಯ ಒಳಬದಿಯಲ್ಲಿ, ನಾಲಿಗೆಯ ಕೆಳಗೆ, ಬಾಯಿಯ ನೆಲದಂತೆ ಹರಡಿಕೊಂಡಿರುವ ಒಂದು ತೆಳುವಾದ ಸ್ನಾಯುವಿದೆ. ಮುಂದಿನ ಹಲ್ಲುಗಳ ಬೇರಿನ ತುದಿ ಈ ಸ್ನಾಯುವಿನ ಮೇಲ್ಬದಿಗೆ ಇರುತ್ತದೆ. ಅಲ್ಲಿಂದ ಒಳಕ್ಕೆ ಬಂದ ಕೀವು ಬಾಯಿಯಲ್ಲಿಯೇ ಉಳಿಯುತ್ತದೆ. ಕೆಳಗಿನ ಎರಡನೆಯ ದವಡೆಹಲ್ಲು ಮತ್ತು ಬುದ್ಧಿಹಲ್ಲಿನ ಬೇರುಗಳು ಮಾತ್ರ ಹೆಚ್ಚಿನವರಲ್ಲಿ ಆ ಸ್ನಾಯುವಿಗಿಂತ ಕೆಳಗೆ ತಲುಪುತ್ತವೆ. ಅವುಗಳ ಕೀವು ನೇರವಾಗಿ ದವಡೆಯ ಅಡಿಗೆ, ಅಲ್ಲಿಂದ ಕುತ್ತಿಗೆಗೆ ಇಳಿಯಬಹುದು. ಸೋಂಕು ಎರಡೂ ಬದಿಗೆ ಹರಡಿ, ಗಲ್ಲದ ಕೆಳಭಾಗ ಮರದಂತೆ ಗಟ್ಟಿಯಾಗಿ, ನಾಲಿಗೆಯನ್ನು ಮೇಲಕ್ಕೂ ಹಿಂದಕ್ಕೂ ತಳ್ಳಿ ಉಸಿರಿನ ದಾರಿಯನ್ನೇ ಮುಚ್ಚುವ ಸ್ಥಿತಿಯನ್ನು ಜರ್ಮನಿಯ ವೈದ್ಯ ವಿಲ್ಹೆಲ್ಮ್ ಫ್ರೆಡರಿಕ್ ಫಾನ್ ಲುಡ್ವಿಗ್ 1836ರಲ್ಲಿ ವಿವರಿಸಿದರು. ಲುಡ್ವಿಗ್ಸ್ ಆಂಜೈನಾ ಎಂದು ಇಂದಿಗೂ ಕರೆಯಲಾಗುವ ಈ ಕಾಯಿಲೆಯಲ್ಲಿ, ಆಂಟಿಬಯಾಟಿಕ್‌ಗಳು ಬರುವ ಮೊದಲು ಅರ್ಧಕ್ಕಿಂತ ಹೆಚ್ಚು ರೋಗಿಗಳು ಸಾಯುತ್ತಿದ್ದರು. ಈಗ ಸಾವು ಬಹಳ ಕಡಿಮೆಯಾಗಿದೆ, ಆದರೆ ಸಮಯಕ್ಕೆ ಸರಿಯಾಗಿ ಉಸಿರಿನ ನಳಿಕೆ ಹಾಕಬಲ್ಲವರ ಕೈಗೆ ರೋಗಿ ಸಿಕ್ಕಿದರೆ ಮಾತ್ರ.

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ, ಐವತ್ತೈದರ ಆಸುಪಾಸಿನ ಒಬ್ಬ ಅಡಿಕೆ ಕೃಷಿಕರನ್ನು ಉದಾಹರಣೆಗೆ ಕಲ್ಪಿಸಿಕೊಳ್ಳೋಣ. ಬೇಸಗೆಯಲ್ಲಿ ಅವರಿಗೆ ಬಲಗಡೆಯ ಕೊನೆಯ ದವಡೆಹಲ್ಲು ಎರಡು ರಾತ್ರಿ ನಿದ್ದೆಗೆಡಿಸಿತು. ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗಿದರು, ನೋವು ಹೋಯಿತು. ಮಳೆ ಹಿಡಿಯುವ ಮೊದಲು ತೋಟಕ್ಕೆ ಮದ್ದು ಬಿಡುವ ಕೆಲಸ, ಮರ ಹತ್ತುವವರು ಸಿಕ್ಕಿದ ದಿನವೇ ಅದನ್ನು ಮುಗಿಸಬೇಕು. ಹಲ್ಲಿನ ವಿಚಾರ ಹಾಗೆಯೇ ಉಳಿಯಿತು. ಆಷಾಢದ ಒಂದು ರಾತ್ರಿ ದವಡೆಯ ಕೆಳಗೆ ಊತ, ಚಳಿಜ್ವರ, ಎಂಜಲು ನುಂಗಲು ಕಷ್ಟ. ಕ್ಯಾಶುವಲ್ಟಿಯಲ್ಲಿ ಡಾಕ್ಟರು ಬಾಯಿ ತೆರೆಯಲು ಹೇಳಿದರೆ ಒಂದು ಬೆರಳಿನ ಅಗಲಕ್ಕಿಂತ ಹೆಚ್ಚು ತೆರೆಯುತ್ತಿಲ್ಲ. ಬೆರಳು ಚುಚ್ಚಿ ನೋಡಿದರೆ ರಕ್ತದ ಸಕ್ಕರೆ 340.

ಈ ಚಿತ್ರದಲ್ಲಿ ಹಲ್ಲಿನ ಜೊತೆಗೆ ಇನ್ನೆರಡು ಸಂಗತಿಗಳಿವೆ. ಒಂದು ಮಧುಮೇಹ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಧನಸಹಾಯದಿಂದ ನಡೆದು 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನದಲ್ಲಿ ಮಧುಮೇಹಿಗಳ ಪ್ರಮಾಣ ದೇಶಕ್ಕೆ 11.4 ಶೇಕಡಾ ಇದ್ದರೆ ಕೇರಳದಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು ಇತ್ತು. ಸಕ್ಕರೆ ಹತೋಟಿಯಲ್ಲಿಲ್ಲದ ದೇಹ ಸೋಂಕನ್ನು ಒಂದೆಡೆ ಕಟ್ಟಿಹಾಕಲಾರದು, ಮತ್ತು ಸೋಂಕು ಇರುವವರೆಗೆ ಸಕ್ಕರೆಯೂ ಇಳಿಯದು. ಒಸಡಿನ ಕಾಯಿಲೆ ಮತ್ತು ಮಧುಮೇಹ ಒಂದನ್ನೊಂದು ಕೆಡಿಸುತ್ತವೆ ಎಂಬುದು ಈಗ ಚೆನ್ನಾಗಿ ದೃಢಪಟ್ಟಿದೆ. ಎರಡನೆಯದು ಎಲೆಅಡಿಕೆ. ಅಡಿಕೆ ಈ ಜಿಲ್ಲೆಯ ಉತ್ತರ ಭಾಗದ ಅನ್ನ, ಅದರ ಬಗ್ಗೆ ಇಲ್ಲಿ ಕಟುವಾಗಿ ಬರೆಯುವುದು ಸುಲಭವಲ್ಲ. ಆದರೂ ಹೇಳಬೇಕಾದ್ದು ಇದು: ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನು, ಹೊಗೆಸೊಪ್ಪು ಸೇರದಿದ್ದರೂ, ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಪಟ್ಟಿಗೆ ಸೇರಿಸಿ ಇಪ್ಪತ್ತು ವರ್ಷ ದಾಟಿದೆ, ಇಲ್ಲಿನ ಬೆಳೆಗಾರ ಸಂಘಟನೆಗಳು ಆ ತೀರ್ಮಾನವನ್ನು ಒಪ್ಪಿಲ್ಲ. ಆ ವಾದ ಏನೇ ಇರಲಿ, ವರ್ಷಗಟ್ಟಲೆ ಅಡಿಕೆ ಜಗಿಯುವವರ ಕೆನ್ನೆಯ ಒಳಪದರ ನಾರಿನಂತೆ ಗಟ್ಟಿಯಾಗಿ ಬಾಯಿ ತೆರೆಯುವ ಅಳತೆ ಕುಗ್ಗುತ್ತದೆ ಎಂಬುದನ್ನು ಕರಾವಳಿಯ ಯಾವ ದಂತವೈದ್ಯರನ್ನು ಕೇಳಿದರೂ ಹೇಳುತ್ತಾರೆ. ಅಂಥವರಿಗೆ ಹಿಂದಿನ ಹಲ್ಲಿನವರೆಗೆ ಬ್ರಷ್ ತಲುಪುವುದಿಲ್ಲ, ದಂತವೈದ್ಯರ ಉಪಕರಣವೂ ತಲುಪುವುದಿಲ್ಲ, ಮತ್ತು ಕುತ್ತಿಗೆ ಊದಿ ಉಸಿರು ಕಟ್ಟಿದ ರಾತ್ರಿ ಅರಿವಳಿಕೆ ತಜ್ಞರಿಗೆ ಬಾಯಿಯ ಮೂಲಕ ನಳಿಕೆ ಇಳಿಸುವುದೂ ಬಹಳ ಕಷ್ಟವಾಗುತ್ತದೆ.

ಇನ್ನು, ಆಂಟಿಬಯಾಟಿಕ್ ಕೊಟ್ಟ ಮೇಲೆಯೂ ಹಲ್ಲು ಏಕೆ ಗುಣವಾಗುವುದಿಲ್ಲ ಎಂಬ ಪ್ರಶ್ನೆ. ಔಷಧ ರಕ್ತದ ಮೂಲಕ ಹೋಗಬೇಕು. ಸತ್ತ ತಿರುಳಿನಲ್ಲಿ ರಕ್ತಸಂಚಾರವೇ ಇಲ್ಲ. ಸುತ್ತಲಿನ ಊತ ಇಳಿಯುತ್ತದೆ, ಒಳಗಿನ ಮೂಲ ಹಾಗೆಯೇ ಉಳಿಯುತ್ತದೆ. ಬೇರುಕೊಳೆ ಹಿಡಿದ ಅಡಿಕೆ ಮರದ ಗೊನೆಗೆ ಮದ್ದು ಸಿಂಪಡಿಸಿದ ಹಾಗೆ. ರೂಟ್ ಕೆನಾಲ್ ಮಾಡಿ ಒಳಗನ್ನು ಶುಚಿಗೊಳಿಸುವುದು, ಇಲ್ಲವೇ ಹಲ್ಲು ಕೀಳುವುದು, ಕೀವಿದ್ದರೆ ಕೊಯ್ದು ಹೊರಬಿಡುವುದು, ಇವೇ ಚಿಕಿತ್ಸೆ. ಜ್ವರವಾಗಲಿ ಹರಡುವ ಊತವಾಗಲಿ ಇಲ್ಲದ ಬರಿಯ ಹಲ್ಲುನೋವಿಗೆ, ದಂತಚಿಕಿತ್ಸೆ ಕೈಗೆಟುಕುವಂತಿದ್ದರೆ, ಆಂಟಿಬಯಾಟಿಕ್ ಕೊಡಬೇಡಿ ಎಂದು ಅಮೆರಿಕದ ದಂತವೈದ್ಯರ ಸಂಘ 2019ರ ಮಾರ್ಗಸೂಚಿಯಲ್ಲಿ ಹೇಳಿತು. ‘ಊತ ಇರುವಾಗ ಹಲ್ಲು ಕೀಳಬಾರದು’ ಎಂಬ ಮಾತನ್ನು ನಮ್ಮಲ್ಲಿ ಹಿರಿಯರು ಗಟ್ಟಿಯಾಗಿ ನಂಬಿದ್ದಾರೆ. ಸೋಂಕು ತಗಲಿದ ಅಂಗಾಂಶ ಆಮ್ಲೀಯವಾಗಿರುವುದರಿಂದ ಮರಗಟ್ಟಿಸುವ ಇಂಜೆಕ್ಷನ್ ಅಲ್ಲಿ ಸರಿಯಾಗಿ ಹಿಡಿಯುವುದಿಲ್ಲ ಎಂಬಷ್ಟು ಮಟ್ಟಿಗೆ ಅದರಲ್ಲಿ ಸತ್ಯಾಂಶವಿದೆ. ಆದರೆ ದಂತವೈದ್ಯರು ಸ್ವಲ್ಪ ದೂರದಲ್ಲಿ ನರದ ಬುಡಕ್ಕೆ ಇಂಜೆಕ್ಷನ್ ಕೊಟ್ಟು ಈ ಅಡಚಣೆಯನ್ನು ದಾಟಬಲ್ಲರು, ಮತ್ತು ಕಾರಣವಾದ ಹಲ್ಲನ್ನು ಬೇಗ ತೆಗೆದಷ್ಟೂ ರೋಗಿ ಬೇಗ ಚೇತರಿಸಿಕೊಳ್ಳುತ್ತಾರೆ.

ನೋವಿನ ಮಾತ್ರೆಯ ವಿಚಾರದಲ್ಲಿಯೂ ಒಂದು ಎಚ್ಚರಿಕೆ ಬೇಕು. ವಯಸ್ಕರಿಗೆ ಪ್ಯಾರಾಸಿಟಮಾಲ್ ದಿನಕ್ಕೆ 4 ಗ್ರಾಂ ಮೀರಬಾರದು, ಅಂದರೆ 650 ಮಿಲಿಗ್ರಾಂನ ಆರು ಮಾತ್ರೆಗಳಿಗೆ ಮಿತಿ ಮುಗಿಯುತ್ತದೆ. ಕುಡಿತದ ಅಭ್ಯಾಸ ಅಥವಾ ಯಕೃತ್ತಿನ ತೊಂದರೆ ಇದ್ದವರಿಗೆ ಮಿತಿ ಇನ್ನೂ ಕಡಿಮೆ. ಮೆಡಿಕಲ್ ಶಾಪಿನಲ್ಲಿ ಹಲ್ಲುನೋವಿಗೆಂದು ಕತ್ತರಿಸಿ ಕೊಡುವ ‘ಪೈನ್ ಕಿಲ್ಲರ್’ ಮಾತ್ರೆಗಳಲ್ಲಿ ಅನೇಕವು ಎಸಿಕ್ಲೊಫೆನಾಕ್ ಜೊತೆಗೆ ಪ್ಯಾರಾಸಿಟಮಾಲನ್ನೂ ಒಳಗೊಂಡಿರುತ್ತವೆ. ಸ್ಟ್ರಿಪ್ಪಿನ ತುಂಡಿನಲ್ಲಿ ಹೆಸರು ಕತ್ತರಿಸಿಹೋಗಿರುತ್ತದೆ, ಮನೆಯಲ್ಲಿ ಜ್ವರದ ಮಾತ್ರೆ ಬೇರೆ ಇರುತ್ತದೆ, ಎರಡನ್ನೂ ನುಂಗಿದವರಿಗೆ ತಾವು ಒಂದೇ ಔಷಧವನ್ನು ಎರಡು ಸಲ ತೆಗೆದುಕೊಂಡದ್ದು ತಿಳಿಯುವುದಿಲ್ಲ. ಕಿಡ್ನಿ ತೊಂದರೆ, ಹೊಟ್ಟೆಹುಣ್ಣು ಇರುವ ಹಿರಿಯರಿಗೆ ಎಸಿಕ್ಲೊಫೆನಾಕ್, ಡೈಕ್ಲೊಫೆನಾಕ್ ಬಗೆಯ ಮಾತ್ರೆಗಳೇ ಅಪಾಯಕಾರಿ.

ಜನ ದಂತವೈದ್ಯರನ್ನು ಬಿಟ್ಟು ತುರ್ತು ವಿಭಾಗಕ್ಕೆ ಹೋಗುವುದಕ್ಕೆ ಅಜ್ಞಾನವೊಂದೇ ಕಾರಣವಲ್ಲ, ಹಣ ಯಾವ ಹಂತದಲ್ಲಿ ದೊರೆಯುತ್ತದೆ ಎಂಬುದೂ ಕಾರಣ. ಇದನ್ನು ಅತ್ಯಂತ ಸ್ಪಷ್ಟವಾಗಿ ತೋರಿಸಿದ್ದು ಅಮೆರಿಕ. ಅಲ್ಲಿ 1965ರಲ್ಲಿ ಹಿರಿಯ ನಾಗರಿಕರಿಗೆ ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ವಿಮೆಯ ಕಾನೂನು ಬಂದಾಗ ಸಾಮಾನ್ಯ ದಂತಚಿಕಿತ್ಸೆಯನ್ನು ಹೊರಗಿಡಲಾಯಿತು. ಬಡವರಿಗಾಗಿರುವ ಸರ್ಕಾರಿ ವಿಮೆಯಾದ ಮೆಡಿಕೇಡ್‌ನಲ್ಲಿ ಮಕ್ಕಳ ದಂತಚಿಕಿತ್ಸೆ ಕಡ್ಡಾಯವಾದರೂ ವಯಸ್ಕರದ್ದು ಆಯಾ ರಾಜ್ಯದ ಇಷ್ಟಕ್ಕೆ ಬಿಟ್ಟದ್ದು. ಆದರೆ 1986ರ ಕಾನೂನಿನ ಪ್ರಕಾರ ತುರ್ತು ವಿಭಾಗಕ್ಕೆ ಬಂದ ಯಾರನ್ನೂ ಹಣವಿಲ್ಲವೆಂದು ಪರೀಕ್ಷಿಸದೆ ಹಿಂದಕ್ಕೆ ಕಳುಹಿಸುವಂತಿಲ್ಲ. ಒಂದು ಬಾಗಿಲು ಮುಚ್ಚಿ ಇನ್ನೊಂದನ್ನು ತೆರೆದಿಟ್ಟರೆ ಜನ ತೆರೆದ ಬಾಗಿಲಿಗೇ ಬರುತ್ತಾರೆ. ವರ್ಷಕ್ಕೆ ಸುಮಾರು 20 ಲಕ್ಷ ಭೇಟಿಗಳು ಹಲ್ಲಿನ ಕಾರಣಕ್ಕೆ ಅಲ್ಲಿನ ತುರ್ತು ವಿಭಾಗಗಳಲ್ಲಿ ದಾಖಲಾಗುತ್ತಿದ್ದವು, 2012ರಲ್ಲಿ ಇದರ ಖರ್ಚು 160 ಕೋಟಿ ಡಾಲರಿನಷ್ಟಾಗಿತ್ತು. ಕ್ಯಾಲಿಫೋರ್ನಿಯಾ 2009ರ ಜುಲೈಯಲ್ಲಿ ಉಳಿತಾಯದ ಹೆಸರಿನಲ್ಲಿ ಮೆಡಿಕೇಡ್ ವಯಸ್ಕರ ದಂತಚಿಕಿತ್ಸೆಯ ಬಹುಭಾಗವನ್ನು ನಿಲ್ಲಿಸಿದಾಗ, ವರ್ಷಕ್ಕೆ 1,800ಕ್ಕೂ ಹೆಚ್ಚು ಹೆಚ್ಚುವರಿ ತುರ್ತು ಭೇಟಿಗಳು ಉಂಟಾದವೆಂದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕಹಾಕಿತು. ನಿಲ್ಲಿಸಿದ್ದನ್ನು ರಾಜ್ಯ 2014ರಲ್ಲಿ ಭಾಗಶಃ, 2018ರಲ್ಲಿ ಪೂರ್ತಿಯಾಗಿ ಮತ್ತೆ ಆರಂಭಿಸಿತು.

ನಮ್ಮ ವ್ಯವಸ್ಥೆ ಅದಕ್ಕಿಂತ ಭಿನ್ನ, ಆದರೆ ಒಂದು ವಿಷಯದಲ್ಲಿ ಎರಡೂ ಒಂದೇ. ಆಯುಷ್ಮಾನ್ ಭಾರತ್ ಯೋಜನೆಯಾಗಲಿ, ಅದರೊಂದಿಗೆ ಜೋಡಿಸಿಕೊಂಡಿರುವ ಕೇರಳದ ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆಯಾಗಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಭರಿಸುವುದು ಆಸ್ಪತ್ರೆಯಲ್ಲಿ ದಾಖಲಾದ ಚಿಕಿತ್ಸೆಗೆ. ಖಾಸಗಿ ಆರೋಗ್ಯ ವಿಮೆಗಳೂ ಅಪಘಾತದ ಹೊರತು ಹಲ್ಲಿನ ಖರ್ಚನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಹಾಗಾಗಿ ಹುಳುಕು ಹಲ್ಲಿಗೆ ಸಿಮೆಂಟ್ ಹಾಕಿಸುವ ದುಡ್ಡು ಸ್ವಂತ ಜೇಬಿನಿಂದ, ಅದೇ ಹಲ್ಲು ಕುತ್ತಿಗೆಗೆ ಕೀವು ಇಳಿಸಿ ಐಸಿಯು ಸೇರಿಸಿದರೆ ಮಾತ್ರ ವಿಮೆಯ ನೆರವಿನ ಮಾತು ಬರುತ್ತದೆ. ಅರವತ್ತು ದಾಟಿದ ಬಡವರಿಗೆ ಕೃತಕ ದಂತಪಂಕ್ತಿ ಕೊಡುವ ‘ಮಂದಹಾಸಂ’ ಎಂಬ ಒಳ್ಳೆಯ ಯೋಜನೆ ಕೇರಳದಲ್ಲಿದೆ. ಅದರ ಲಾಭ ದೊರೆಯುವುದು ಹಲ್ಲುಗಳು ಹೋದ ಮೇಲೆ.

ದಂತವೈದ್ಯರ ಕೊರತೆ ಎಂದು ಹೇಳುವಂತಿಲ್ಲ. ದೇಶದಲ್ಲಿ ಮುನ್ನೂರಕ್ಕೂ ಹೆಚ್ಚು ದಂತ ಕಾಲೇಜುಗಳಿವೆ. ಜಿಲ್ಲೆಯೊಳಗೆ ಪೊಯಿನಾಚಿಯಲ್ಲಿ ಒಂದಿದೆ, ಕರ್ನಾಟಕ ಗಡಿಯ ತಲಪಾಡಿ ದಾಟಿದರೆ ದೇರಳಕಟ್ಟೆಯಲ್ಲಿ, ಮಂಗಳೂರಿನಲ್ಲಿ ಇನ್ನಷ್ಟು ಇವೆ. ವಿದ್ಯಾರ್ಥಿಗಳು ಕಲಿಯುತ್ತಾ, ಅಧ್ಯಾಪಕರ ಕಣ್ಗಾವಲಿನಲ್ಲಿ ಮಾಡುವ ಕೆಲಸಕ್ಕೆ ಅಲ್ಲಿ ಖಾಸಗಿ ಕ್ಲಿನಿಕ್ಕಿಗಿಂತ ಕಡಿಮೆ ದರ, ಕಾಯುವ ಹೊತ್ತು ಮಾತ್ರ ಹೆಚ್ಚು. ಸರ್ಕಾರಿ ಜನರಲ್ ಆಸ್ಪತ್ರೆ, ಜಿಲ್ಲಾ ಆಸ್ಪತ್ರೆಗಳ ದಂತ ವಿಭಾಗದಲ್ಲಿ ಬೆಳಗ್ಗೆ ಒ.ಪಿ. ಚೀಟಿ ಮಾಡಿಸಿ ತೋರಿಸಬಹುದು. ಕೊರತೆ ಇರುವುದು ಹೊತ್ತಿನದು: ಕೂಲಿಗೆ ಹೋಗುವವರಿಗೆ ಬೆಳಗಿನ ಒ.ಪಿ. ಎಂದರೆ ಆ ದಿನದ ಸಂಬಳ ಹೋಯಿತು. ಗಂಭೀರ ಸೋಂಕಿನವರಿಗೆ ಬೇಕಾದ ದವಡೆ ಮತ್ತು ಮುಖದ ಶಸ್ತ್ರಚಿಕಿತ್ಸಕರು, ಐಸಿಯು ಎರಡೂ ಒಂದೇ ಸೂರಿನಡಿ ರಾತ್ರಿ ಸಿಗಬೇಕಾದರೆ ಇಂದಿಗೂ ಅನೇಕರು ಮಂಗಳೂರಿನ ದಾರಿ ಹಿಡಿಯುತ್ತಾರೆ. ಕಾಸರಗೋಡು ಪಟ್ಟಣದಿಂದ ಅದು ಸುಮಾರು 50 ಕಿಲೋಮೀಟರ್. 2020ರ ಮಾರ್ಚಿನಲ್ಲಿ ಕರ್ನಾಟಕ ಗಡಿ ಮುಚ್ಚಿ ಆಂಬುಲೆನ್ಸುಗಳೂ ತಲಪಾಡಿಯಲ್ಲಿ ನಿಂತಾಗ ಆ ಅವಲಂಬನೆ ಎಷ್ಟು ಆಳವಾದುದೆಂದು ಎಲ್ಲರಿಗೂ ಮನವರಿಕೆಯಾಯಿತು. ಜಿಲ್ಲೆಯೊಳಗೇ ಇರುವ ಉಕ್ಕಿನಡ್ಕದ ಸರ್ಕಾರಿ ಮೆಡಿಕಲ್ ಕಾಲೇಜಿಗೆ ಶಿಲಾನ್ಯಾಸವಾದದ್ದು 2013ರಲ್ಲಿ, ಅದರ ಕಟ್ಟಡ ಮೊದಲು ರೋಗಿಗಳನ್ನು ಕಂಡದ್ದು 2020ರ ಕೋವಿಡ್ ಆಸ್ಪತ್ರೆಯಾಗಿ.

ಹಾಗಾದರೆ ಯಾವಾಗ ಬೆಳಗಾಗುವುದನ್ನು ಕಾಯದೆ ಹೊರಡಬೇಕು? ಬರಿಯ ಹಲ್ಲುನೋವು ಎಷ್ಟೇ ತೀವ್ರವಾಗಿದ್ದರೂ ಪ್ರಾಣಾಪಾಯವಲ್ಲ. ಗಲ್ಲದ ಕೆಳಗೆ ಅಥವಾ ಕುತ್ತಿಗೆಯಲ್ಲಿ ಊತ ಗಂಟೆಗಂಟೆಗೆ ಬೆಳೆಯುತ್ತಿದ್ದರೆ, ಎಂಜಲು ನುಂಗಲಾಗದೆ ಸುರಿಯುತ್ತಿದ್ದರೆ, ಬಾಯಿ ತೆರೆಯದಿದ್ದರೆ, ಸ್ವರ ಬದಲಾಗಿ ಬಾಯಲ್ಲಿ ಬಿಸಿ ತುತ್ತು ಇಟ್ಟುಕೊಂಡವರಂತೆ ಮಾತನಾಡುತ್ತಿದ್ದರೆ, ಮಲಗಿದರೆ ಉಸಿರು ಕಟ್ಟುವಂತಾಗಿ ಕುಳಿತೇ ಇರಬೇಕೆನಿಸಿದರೆ ಒಂದು ಕ್ಷಣವೂ ತಡಮಾಡಬಾರದು. ಮೇಲ್ದವಡೆಯ ಹಲ್ಲಿನ ಸೋಂಕಿನಿಂದ ಕಣ್ಣಿನ ಸುತ್ತ ಊದಿದರೂ ಅಷ್ಟೇ ಅವಸರ, ಏಕೆಂದರೆ ಮುಖದ ರಕ್ತನಾಳಗಳ ಮೂಲಕ ಸೋಂಕು ಮಿದುಳಿನ ಬುಡದವರೆಗೆ ಹೋಗುವ ದಾರಿ ಅಲ್ಲಿದೆ. ಊದಿದ ಕೆನ್ನೆಗೆ ಹೊರಗಿನಿಂದ ಬಿಸಿ ಶಾಖ ಕೊಡುವ ರೂಢಿಯನ್ನು ಬಿಡಬೇಕು. ಇನ್ನೊಂದು ಸಂಗತಿಯನ್ನು ಮರೆಯಬಾರದು: ನಡೆದಾಗ, ಏರು ಹತ್ತಿದಾಗ ಕೆಳದವಡೆಯಲ್ಲಿ ಬಂದು, ವಿಶ್ರಾಂತಿ ತೆಗೆದುಕೊಂಡರೆ ಹೋಗುವ, ಬೆವರು, ಎದೆಯ ಬಿಗಿತ ಜೊತೆಗಿರುವ ನೋವು ಹಲ್ಲಿನದಲ್ಲ, ಹೃದಯದ್ದಾಗಿರಬಹುದು.

ತಡೆಯುವ ಕೆಲಸದಲ್ಲಿ ಹೇಳಬೇಕಾದ್ದು ಹೆಚ್ಚಿಲ್ಲ. ಫ್ಲೋರೈಡ್ ಇರುವ ಪೇಸ್ಟು ಕರಗಿದ ಖನಿಜವನ್ನು ಮರಳಿ ಕೂಡಿಸಲು ನೆರವಾಗುತ್ತದೆ. ನಮ್ಮ ದೇಶದಲ್ಲಿ ಅದರ ಪ್ರಮಾಣಕ್ಕೆ ಹತ್ತು ಲಕ್ಷಕ್ಕೆ 1,000 ಭಾಗದ ಮಿತಿಯಿದೆ. ಗಿಡಮೂಲಿಕೆಯದೆಂದು ಮಾರುವ ಪೇಸ್ಟುಗಳಲ್ಲಿ ಅನೇಕವುಗಳಲ್ಲಿ ಅದು ಇರುವುದಿಲ್ಲ, ಆದ್ದರಿಂದ ಪೆಟ್ಟಿಗೆಯ ಮೇಲೆ ಓದಿ ಕೊಳ್ಳಬೇಕು. ಭತ್ತದ ಉಮಿಯನ್ನು ಸುಟ್ಟ ಕರಿಯಿಂದ ಉಜ್ಜಿದರೆ ಹಲ್ಲು ಬಿಳಿಯಾಗುವುದು ನಿಜ, ಎನಾಮಲ್ ಸವೆಯುವುದೂ ನಿಜ. ರಾತ್ರಿ ಮಲಗುವಾಗ ಜೊಲ್ಲು ಕಡಿಮೆಯಾಗುವುದರಿಂದ ಆಗ ಉಜ್ಜುವುದು ಬೆಳಗ್ಗೆ ಉಜ್ಜುವುದಕ್ಕಿಂತ ಮುಖ್ಯ. ಮಧುಮೇಹಿಗಳು ಸಕ್ಕರೆಯ ಪರೀಕ್ಷೆಗೆ ಹೋದ ದಿನವೇ ಹಲ್ಲನ್ನೂ ತೋರಿಸಿಬಂದರೆ ಬೇರೆ ದಿನದ ಕೆಲಸ ತಪ್ಪುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಎರಡು ರಾತ್ರಿ ಕಾಡಿ ತಾನಾಗಿ ಸುಮ್ಮನಾದ ಹಲ್ಲನ್ನು ಆ ವಾರವೇ ದಂತವೈದ್ಯರಿಗೆ ತೋರಿಸಿ ಒಂದು ಎಕ್ಸ್‌ರೇ ತೆಗೆಸಬೇಕು.

ಇಷ್ಟಾದ ಮೇಲೂ ರಾತ್ರಿ ಕ್ಯಾಶುವಲ್ಟಿಗೆ ಹೋಗಬೇಕಾಗಿ ಬಂದರೆ, ನುಂಗಿದ ಮಾತ್ರೆಗಳ ಸ್ಟ್ರಿಪ್ಪನ್ನು, ತುಂಡಾದರೂ ಸರಿ, ಕೈಯಲ್ಲಿ ಹಿಡಿದುಕೊಂಡೇ ಹೋಗಬೇಕು, ಮಧುಮೇಹ, ಬಿ.ಪಿ., ರಕ್ತ ತೆಳುವಾಗಿಸುವ ಮಾತ್ರೆ, ಔಷಧದ ಅಲರ್ಜಿ ಇದ್ದರೆ ಕೇಳುವ ಮೊದಲೇ ಹೇಳಬೇಕು. ಊತ ಯಾವ ಹೊತ್ತಿಗೆ ಆರಂಭವಾಯಿತು, ಕೊನೆಯ ಸಲ ಅನ್ನ ಉಂಡದ್ದು ಎಷ್ಟು ಗಂಟೆಗೆ ಎಂಬುದನ್ನೂ ಹೇಳಬೇಕು, ಏಕೆಂದರೆ ಅರಿವಳಿಕೆ ಕೊಡಬೇಕಾಗಿ ಬಂದರೆ ಮೊದಲು ಬರುವ ಪ್ರಶ್ನೆ ಅದೇ. ಇಂಜೆಕ್ಷನ್‌ನಿಂದ ನೋವು ಇಳಿದು ಮನೆಗೆ ಕಳುಹಿಸಿದರೆ, ಮರುದಿನ ಬೆಳಗ್ಗೆ ಆ ಚೀಟಿಯನ್ನೇ ಹಿಡಿದುಕೊಂಡು ದಂತ ವಿಭಾಗದ ಒ.ಪಿ.ಗೆ ಹೋಗಬೇಕು.